ಗೇರ್ ಬಾಕ್ಸ್ ಇಳಿಸಿದ್ದು ಒಂದು ಸಲ, ಕೂಲಿ ಮೂರು ಸಲ

ಮಾನ್ಯ ಸಂಪಾದಕರೇ,

ಕಾರಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಇನ್ನು ರಿಪೇರಿ ಖರ್ಚು ಹಗುರವಾಗುತ್ತದೆ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. 2025ರ ಸೆಪ್ಟೆಂಬರ್ 22ರಿಂದ ದರ ಇಳಿದದ್ದು ನಿಜ, ಸಂತೋಷ. ಆದರೆ ಲೇಖಕರು ಬಿಲ್ಲಿನ ಅರ್ಧ ಮಾತ್ರ ನೋಡಿದ್ದಾರೆ. ಮಿಕ್ಕರ್ಧಕ್ಕೆ ಲೇಬರ್ ಎಂದು ಹೆಸರು. ಅದರ ಮೇಲೆ ಮೊದಲೂ ಶೇ 18 ತೆರಿಗೆ ಇತ್ತು, ಈಗಲೂ ಅಷ್ಟೇ ಇದೆ. ತೆರಿಗೆ ಬಿಡಿ, ಆ ಲೇಬರಿನ ಮೂಲ ಮೊತ್ತವನ್ನು ಯಾರು, ಯಾವ ಲೆಕ್ಕದಲ್ಲಿ ಬರೆಯುತ್ತಾರೆ ಎಂಬ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ನನ್ನ ಕೈಯಲ್ಲಿ ಅಂಥದೊಂದು ಬಿಲ್ಲು ಇದೆ. ಅದರ ಕಥೆ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ. ಕತ್ತರಿಸಲೇಬೇಕಿದ್ದರೆ ನನ್ನ ಮಾತು ಕತ್ತರಿಸಿ, ಲೆಕ್ಕ ಮಾತ್ರ ಉಳಿಸಿ.

ನಾನು 31 ವರ್ಷ ಖಜಾನೆ ಇಲಾಖೆಯಲ್ಲಿ ಕೆಲಸ ಮಾಡಿದವಳು. ಸೊರಬ, ತೀರ್ಥಹಳ್ಳಿ ಸುತ್ತಿ ಕೊನೆಗೆ ಶಿವಮೊಗ್ಗದಲ್ಲಿ ನಿವೃತ್ತಿ. ದಿನವಿಡೀ ಬೇರೆಯವರ ಬಿಲ್ಲು ನೋಡುವುದೇ ಕೆಲಸ. ಒಟ್ಟು ಮೊತ್ತವನ್ನು ಕೊನೆಗೆ ನೋಡು, ಮೊದಲು ಒಂದೊಂದು ಬಾಬ್ತನ್ನೂ ಓದು ಎಂದು ನನಗೆ ಕಲಿಸಿದ ಹೆಡ್‌ ಅಕೌಂಟೆಂಟರು ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಈ ಅಭ್ಯಾಸದಿಂದ ಮನೆಯವರಿಗೆ ಕಿರಿಕಿರಿ. ತರಕಾರಿ ಅಂಗಡಿಯಲ್ಲಿ ನಾನು ಚೀಟಿ ಓದುತ್ತಾ ನಿಂತರೆ ಅವರು ಎದುರಿನ ಅಂಗಡಿಯ ಬೋರ್ಡು ಓದುತ್ತಾ ನಿಲ್ಲುತ್ತಾರೆ.

ನಮ್ಮದು 2014ರ ಸಣ್ಣ ಪೆಟ್ರೋಲ್ ಕಾರು, 68 ಸಾವಿರ ಕಿಲೋಮೀಟರ್ ಓಡಿದೆ. ಓಡಿಸುವುದು ನಾನು. ನಮ್ಮ ಮನೆಯವರಿಗೆ ಡ್ರೈವಿಂಗ್ ಬರುವುದಿಲ್ಲ, ಪಕ್ಕದ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕ್ ಒತ್ತುತ್ತಾರೆ. ಕಳೆದ ನವೆಂಬರಿನಲ್ಲಿ ಉಡುಪಿಯಿಂದ ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತತೊಡಗಿದೆವು. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಇಂಜಿನ್ ಕೂಗುತ್ತದೆ, ಕಾರು ಮಾತ್ರ ಮೇಲೇರುವುದಿಲ್ಲ. ಸುಟ್ಟ ವಾಸನೆ ಬೇರೆ. ಮೊದಲನೇ ಗೇರಿನಲ್ಲಿ ಹೇಗೋ ಹದಿನಾಲ್ಕು ತಿರುವು ಮುಗಿಸಿ ಆಗುಂಬೆಯಲ್ಲಿ ನಿಲ್ಲಿಸಿದಾಗ, ಚಹಾ ಅಂಗಡಿಯ ಹುಡುಗನೇ ಮೂಗು ಮುಚ್ಚಿಕೊಂಡು ‘ಕ್ಲಚ್ ಪ್ಲೇಟ್ ಹೋಗಿದೆ ಅಮ್ಮಾ’ ಎಂದ. ಅಷ್ಟು ಪತ್ತೆಹಚ್ಚಿದ್ದಕ್ಕೆ ಅವನು ಏನೂ ಚಾರ್ಜ್ ಮಾಡಲಿಲ್ಲ. ಮುಂದೆ ಶಿವಮೊಗ್ಗದ ಬಿಲ್ಲು ನೋಡಿದಾಗ ಅವನ ನೆನಪಾಯಿತು.

ಮರುದಿನ ಕಾರನ್ನು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಬಿಟ್ಟೆ. ಯಾವ ಕಂಪನಿ, ಯಾವ ಸೆಂಟರ್ ಎಂದು ಬರೆಯುವುದಿಲ್ಲ. ನನ್ನ ತಕರಾರು ಒಂದು ಅಂಗಡಿಯ ಮೇಲಲ್ಲ, ಬಿಲ್ಲು ಬರೆಯುವ ಪದ್ಧತಿಯ ಮೇಲೆ. ಸರ್ವಿಸ್ ಅಡ್ವೈಸರ್ ಹುಡುಗ ಒಳ್ಳೆಯವನೇ. ಆದರೆ ಕೀಲಿ ಕೊಟ್ಟವಳು ನಾನು, ತೊಂದರೆ ಹೇಳಿದವಳು ನಾನು, ಅವನು ಮಾತಾಡಿದ್ದು ಮಾತ್ರ ನಮ್ಮ ಮನೆಯವರ ಹತ್ತಿರ. ಇವರು ನಿವೃತ್ತ ಸಂಸ್ಕೃತ ಮೇಷ್ಟ್ರು. ಯಾರು ಏನು ವಿವರಿಸಿದರೂ ಗೌರವದಿಂದ ತಲೆಯಾಡಿಸುತ್ತಾರೆ. ‘ಎಷ್ಟಾಗುತ್ತೆ?’ ಎಂದು ನಾನು ಕೇಳಿದೆ. ‘ಎಲ್ಲಾ ಸೇರಿ ಒಂದು ಹನ್ನೊಂದು ಆಗಬಹುದು ಮೇಡಂ’ ಎಂದ. ಜಾಬ್ ಕಾರ್ಡಿನಲ್ಲಿ ‘ಕ್ಲಚ್ ಚೆಕ್’ ಎಂದಷ್ಟೇ ಬರೆದಿದ್ದ. ಅಂದಾಜು ಮೊತ್ತದ ಚೌಕ ಖಾಲಿ. ನಾನು ಸಹಿ ಹಾಕಿದೆ. 31 ವರ್ಷ ಖಾಲಿ ಚೌಕವಿರುವ ಬಿಲ್ಲುಗಳನ್ನು ವಾಪಸ್ ಕಳಿಸಿದವಳು, ನನ್ನ ಸ್ವಂತ ದುಡ್ಡಿಗೆ ಬಂದಾಗ ಖಾಲಿ ಚೌಕದ ಕೆಳಗೆ ಸಹಿ ಹಾಕಿದೆ. ಆ ತಪ್ಪು ನನ್ನದೇ.

ಮೂರನೇ ದಿನ ಬಿಲ್ಲು ಬಂತು. ಒಟ್ಟು 17,275 ರೂಪಾಯಿ.

ಸಾಮಾನಿನ ಭಾಗ ಸರಿಯಾಗಿತ್ತು. ಕ್ಲಚ್ ಸೆಟ್ 3,450, ರಿಲೀಸ್ ಬೇರಿಂಗ್ 780, ಹಿಂದಿನ ಆಯಿಲ್ ಸೀಲ್ 320, ಗೇರ್ ಆಯಿಲ್ 760, ಒಟ್ಟು 5,310. ಇನ್ನು ಲೇಬರ್. ಕ್ಲಚ್ ಓವರ್‌ಹಾಲ್, ಅಂದರೆ ಬಿಚ್ಚಿ ಹೊಸದು ಜೋಡಿಸಿದ್ದು, 3,200. ಗೇರ್ ಬಾಕ್ಸ್ ಇಳಿಸಿ ಕೂರಿಸಿದ್ದು 2,400. ಆಯಿಲ್ ಸೀಲ್ ಬದಲಿಸಿದ್ದು 1,450. ಗೇರ್ ಆಯಿಲ್ ಬದಲಿಸಿದ್ದು 250. ಕ್ಲಚ್ ಕೇಬಲ್ ಅಡ್ಜಸ್ಟ್‌ಮೆಂಟ್ 180. ಇಂಜಿನ್ನಿಗೆ ಗಾಳಿ ಹೋಗುವ ದಾರಿಯಾದ ಥ್ರಾಟಲ್ ಬಾಡಿ ಕ್ಲೀನಿಂಗ್ 650. ಎಸಿ ಡಿಸಿನ್ಫೆಕ್ಷನ್ 850. ಕನ್ಸ್ಯೂಮಬಲ್ಸ್ 350. ಒಟ್ಟು 9,330. ಎರಡೂ ಸೇರಿದ ಮೇಲೆ ಕೇಂದ್ರದ ಶೇ 9, ರಾಜ್ಯದ ಶೇ 9, ಒಟ್ಟು 2,635 ರೂಪಾಯಿ ತೆರಿಗೆ.

ಓದುವವರಿಗೆ ಎಲ್ಲವೂ ಬೇರೆ ಬೇರೆ ಕೆಲಸದ ಹಾಗೆ ಕಾಣುತ್ತದೆ. ನನಗೂ ಮೊದಲು ಹಾಗೇ ಕಂಡಿತು. ಆದರೆ ಎರಡನೇ ಸಾಲಿಗೆ ಬಂದಾಗ ಹಳೆಯ ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲುಗಳು ನೆನಪಾದವು. ಇಬ್ಬರು ಅಧಿಕಾರಿಗಳು ಒಂದೇ ಇಲಾಖಾ ಜೀಪಿನಲ್ಲಿ ಸಾಗರಕ್ಕೆ ಹೋಗಿ ಬರುತ್ತಾರೆ, ಬಂದ ಮೇಲೆ ಇಬ್ಬರೂ ಬಸ್ ಚಾರ್ಜ್ ಹಾಕುತ್ತಾರೆ. ಬಿಲ್ಲುಗಳನ್ನು ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿ. ಪಕ್ಕಪಕ್ಕ ಇಟ್ಟರೆ ಮಾತ್ರ ಗೊತ್ತಾಗುತ್ತದೆ.

ಕ್ಲಚ್ ಪ್ಲೇಟು ಇರುವುದು ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ. ಗೇರ್ ಬಾಕ್ಸ್ ಇಳಿಸದೆ ಕ್ಲಚ್ ಬದಲಿಸಲು ಬ್ರಹ್ಮನಿಂದಲೂ ಆಗದು. ಅಂದಮೇಲೆ 3,200ರ ಒಳಗೇ ಇಳಿಸುವ ಕೂಲಿ ಇರಬೇಕು. ಅದಿಲ್ಲದಿದ್ದರೆ 3,200 ಯಾತಕ್ಕೆ? ಹಳೇ ಪ್ಲೇಟು ತೆಗೆದು ಹೊಸದಿಟ್ಟು ಆರು ಬೋಲ್ಟು ಬಿಗಿಯುವುದಕ್ಕೆ? ಇನ್ನು ಆಯಿಲ್ ಸೀಲ್. ಅದು ಇರುವುದು ಕ್ಲಚ್ಚಿನ ಹಿಂದೆ, ಫ್ಲೈವೀಲ್ ಎಂಬ ಭಾರದ ಚಕ್ರದ ಆಚೆ. ಅದೊಂದನ್ನೇ ಬದಲಿಸಬೇಕಿದ್ದರೆ ಗೇರ್ ಬಾಕ್ಸ್, ಕ್ಲಚ್ ಎರಡನ್ನೂ ಬಿಚ್ಚಲೇಬೇಕು, ಆಗ 1,450 ನ್ಯಾಯವೇ. ಆದರೆ ಅವೆರಡೂ ಬಿಚ್ಚಿ ನೆಲದ ಮೇಲೆ ಕೂತಿರುವಾಗ ಫ್ಲೈವೀಲ್ ತೆಗೆದು ಸೀಲ್ ಒತ್ತಿ ಕೂರಿಸುವುದಷ್ಟೇ ಹೆಚ್ಚಿನ ಕೆಲಸ. ಗೇರ್ ಆಯಿಲ್? ನಮ್ಮಂಥ ಕಾರಿನಲ್ಲಿ ಮುಂದಿನ ಚಕ್ರದ ಡ್ರೈವ್ ಶಾಫ್ಟ್ ಎಳೆಯದೆ ಗೇರ್ ಬಾಕ್ಸ್ ಬರುವುದಿಲ್ಲ. ಶಾಫ್ಟ್ ಎಳೆದರೆ ಎಣ್ಣೆ ಹೊರಗೆ ಸುರಿಯುತ್ತದೆ. ಅದಕ್ಕೇ ಮೊದಲೇ ಇಳಿಸಿಟ್ಟುಕೊಳ್ಳುತ್ತಾರೆ. ಮತ್ತೆ ತುಂಬಲೇಬೇಕಾದ ಎಣ್ಣೆಯನ್ನು ತುಂಬಿದ್ದಕ್ಕೆ ಬೇರೆ ಕೂಲಿ. ಹೊಸ ಕ್ಲಚ್ ಹಾಕಿದವನು ಕೇಬಲ್ ಹೊಂದಿಸಿಯೇ ಕೊಡಬೇಕು, ಅದಕ್ಕೂ ಒಂದು ಸಾಲು.

ಇಷ್ಟೆಲ್ಲ ನನಗೆ ಹುಟ್ಟಿನಿಂದ ಗೊತ್ತಿದ್ದದ್ದಲ್ಲ. ಸರ್ವಿಸ್ ಸೆಂಟರಿನ ಗಾಜಿನ ಕಿಟಕಿಯಿಂದ ಒಳಗೆ ನೋಡಿದಾಗ ನಮ್ಮ ಕಾರಿನ ಕೆಲಸ ಮಾಡಿದ ಹುಡುಗ ಊಟಕ್ಕೆ ಹೊರಟಿದ್ದ. ಭದ್ರಾವತಿಯವನು, ಐಟಿಐ ಓದಿದವನು. ‘ಎಷ್ಟು ಹೊತ್ತು ಹಿಡಿಯಿತಪ್ಪಾ?’ ಎಂದೆ. ‘ಮೂರೂವರೆ ಗಂಟೆ ಆಂಟಿ, ಇಬ್ರು ಮಾಡಿದ್ವಿ’ ಎಂದು, ಯಾವುದರ ಹಿಂದೆ ಯಾವುದು ಬಿಚ್ಚಬೇಕೆಂದು ಊಟದ ಡಬ್ಬಿಯನ್ನೇ ಗೇರ್ ಬಾಕ್ಸ್ ಮಾಡಿಕೊಂಡು ತೋರಿಸಿದ. ಅವನ ಸಂಬಳ ತಿಂಗಳಿಗೆ 16 ಸಾವಿರವಂತೆ. ಬಿಲ್ಲಿನ 9,330ರಲ್ಲಿ ಅವನಿಗೆ ಪ್ರತ್ಯೇಕವಾಗಿ ಏನೂ ಬರುವುದಿಲ್ಲ. ಲೇಬರ್ ಎಂಬ ಪದದ ಕೆಳಗೆ ಕೆಲಸಗಾರನ ಪಾಲು ಎಷ್ಟು ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ.

ಅಡ್ವೈಸರನ್ನು ಕೇಳಿದರೆ ‘ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ ಮೇಡಂ’ ಎಂದ. ಸಿಸ್ಟಮ್ ಎಂಬ ದೇವರ ಹೆಸರು ಹೇಳಿ ಜಾರಿಕೊಳ್ಳುವುದನ್ನು ನಾನೂ ಖಜಾನೆ-2 ತಂತ್ರಾಂಶದ ಕಾಲದಲ್ಲಿ ಮಾಡಿದ್ದೇನೆ, ಹಾಗಾಗಿ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಸ್ಟಮ್ಮಿಗೆ ತುಂಬಿದವರು ಯಾರೋ ಇರುತ್ತಾರಲ್ಲ, ಅವರನ್ನು ಕರೆಯಿರಿ ಎಂದು ಕೂತೆ. ವರ್ಕ್ಸ್ ಮ್ಯಾನೇಜರ್ ಬಂದರು.

ಅವರು ವಿವರಿಸಿದ್ದನ್ನು ಓದುಗರಿಗಾಗಿ ಬರೆಯುತ್ತೇನೆ. ಇದು ತಿಳಿದಿದ್ದರೆ ಜಗಳವಿಲ್ಲದೆ ಮಾತಾಡಬಹುದು. ಕಾರು ಕಂಪನಿಗಳು ಪ್ರತಿಯೊಂದು ಕೆಲಸಕ್ಕೂ ಇಷ್ಟು ಹೊತ್ತು ಎಂದು ಮೊದಲೇ ನಿಗದಿ ಮಾಡಿರುತ್ತವೆ. ಆ ಹೊತ್ತನ್ನು ಆಯಾ ಊರಿನ ಗಂಟೆಯ ದರದಿಂದ ಗುಣಿಸಿದರೆ ಲೇಬರ್ ಚಾರ್ಜ್. ಬೆಂಗಳೂರಿನ ದರ ಶಿವಮೊಗ್ಗಕ್ಕಿಂತ ಹೆಚ್ಚಿರುತ್ತದೆ. ಹುಡುಗ ಚುರುಕಾಗಿ ಬೇಗ ಮುಗಿಸಿದರೂ ಅಷ್ಟೇ, ಒದ್ದಾಡಿ ದಿನವಿಡೀ ತೆಗೆದುಕೊಂಡರೂ ಅಷ್ಟೇ. ಈ ಪದ್ಧತಿಯಲ್ಲಿ ಮೋಸವೇನೂ ಇಲ್ಲ. ನಿಧಾನದ ಕೆಲಸಗಾರನ ಭಾರ ನಮ್ಮ ಮೇಲೆ ಬೀಳುವುದಿಲ್ಲ, ಒಂದು ರೀತಿಯಲ್ಲಿ ರಕ್ಷಣೆಯೇ. ಲೋಕೋಪಯೋಗಿ ಇಲಾಖೆಯ ಎಸ್.ಆರ್. ಪುಸ್ತಕವೂ, ಅಂದರೆ ಕಾಮಗಾರಿಗಳ ದರಪಟ್ಟಿಯೂ, ಹೀಗೇ. ಒಂದು ಘನ ಮೀಟರ್ ಮಣ್ಣು ಅಗೆಯಲು ಇಷ್ಟು ಎಂದು ಬರೆದಿರುತ್ತದೆ, ಅಗೆದವನು ಬೆಳಗ್ಗೆ ಅಗೆದನೋ ಸಂಜೆಯೋ ಯಾರೂ ಕೇಳುವುದಿಲ್ಲ. ಆದರೆ ಒಂದೇ ಗುಂಡಿಯನ್ನು ನೀರಿನ ಪೈಪಿಗೆ ಒಂದು ಸಲ, ಕೇಬಲ್ಲಿಗೆ ಒಂದು ಸಲ ಅಗೆದೆ ಎಂದು ಎರಡು ಬಾಬ್ತು ಬರೆದರೆ ಬಿಲ್ಲು ಪಾಸಾಗುವುದಿಲ್ಲ.

ಕಂಪನಿಯ ಪುಸ್ತಕದಲ್ಲಿ ಆಯಾ ಕೆಲಸದಲ್ಲಿ ಏನೇನು ಸೇರಿದೆ ಎಂದೂ ಬರೆದಿರುತ್ತದೆಯಲ್ಲ, ಅದನ್ನು ತೋರಿಸಿ ಎಂದೆ. ಗ್ರಾಹಕರಿಗೆ ತೋರಿಸುವ ಪದ್ಧತಿ ಇಲ್ಲ ಎಂದರು. ಹಾಗಾದರೆ ನೀವೇ ನೋಡಿ ಹೇಳಿ ಎಂದೆ. ಪರದೆ ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಡ್ವೈಸರನ್ನು ಒಳಗೆ ಕರೆದರು. ಕ್ಲಚ್ ಬಾಬ್ತಿನಲ್ಲೇ ಗೇರ್ ಬಾಕ್ಸ್ ಇಳಿಸಿ ಕೂರಿಸುವುದು ಸೇರಿತ್ತು.

ಒಂದು ಗಂಟೆ ಹತ್ತು ನಿಮಿಷದ ನಂತರ ಬಂದ ಹೊಸ ಬಿಲ್ಲಿನಲ್ಲಿ 2,400 ಇರಲಿಲ್ಲ. 250 ಇರಲಿಲ್ಲ. 180 ಇರಲಿಲ್ಲ. ಆಯಿಲ್ ಸೀಲಿನ 1,450 ಇದ್ದದ್ದು 400 ಆಗಿತ್ತು. ಕಡಿಮೆಯಾದದ್ದು 3,880, ಅದರ ತೆರಿಗೆಯೂ ಸೇರಿ 4,578. ನಾನು ಕಟ್ಟಿದ್ದು 12,697 ರೂಪಾಯಿ.

ಥ್ರಾಟಲ್ ಬಾಡಿ, ಎಸಿ ಎರಡನ್ನೂ ನಾನು ಕೇಳಿರಲಿಲ್ಲ, ಅವನ್ನೂ ತೆಗೆಯಿರಿ ಎಂದಾಗ ಅಡ್ವೈಸರ್ ಫೋನ್ ತೆಗೆದು ತೋರಿಸಿದ. ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಸಾರ್‌ಗೆ ಕರೆ ಮಾಡಿದ್ದೆ, ಅವರು ಆಗಲಿ ಎಂದರು ಎಂದ. ಮನೆಗೆ ಬಂದು ವಿಚಾರಿಸಿದೆ. ಇವರು ಆಗಷ್ಟೇ ನಿದ್ದೆಯಿಂದ ಎದ್ದಿದ್ದರಂತೆ. ‘ಬಾಡಿ ಕ್ಲೀನಿಂಗ್ ಅಂದ. ಕಾರು ತೊಳೆಯುತ್ತಾರೆ ಅಂದ್ಕೊಂಡೆ. ತೊಳೆದರೆ ಒಳ್ಳೇದೇ ಅಲ್ವಾ?’ ಎಂದರು. ಒಪ್ಪಿಗೆ ಒಪ್ಪಿಗೆಯೇ. ಆ 1,500 ಮತ್ತು ಅದರ ತೆರಿಗೆ ಸೇರಿ 1,770 ರೂಪಾಯಿಗಳನ್ನು ಸಂಸ್ಕೃತ ಮೇಷ್ಟ್ರ ಮಧ್ಯಾಹ್ನದ ನಿದ್ದೆಯ ಬಾಬ್ತಿಗೆ ಹಾಕಿದೆ.

ಸಂಪಾದಕರೇ, ಈಗ ಒಂದು ಸಣ್ಣ ಲೆಕ್ಕ. ನಾನು ಕಟ್ಟಿದ 12,697ರಲ್ಲಿ ಈ 1,770 ಕಳೆಯಿರಿ. ಉಳಿಯುವುದು 10,927. ಮೊದಲ ದಿನ ಆ ಹುಡುಗ ಬಾಯಿಮಾತಿನಲ್ಲಿ ಹೇಳಿದ್ದು ಎಷ್ಟು? ಹನ್ನೊಂದು ಸಾವಿರ. ವ್ಯತ್ಯಾಸ 73 ರೂಪಾಯಿ! ಅಂದರೆ ಕೆಲಸದ ನಿಜವಾದ ಬೆಲೆ ಅವನಿಗೆ ಬಾಯಿಪಾಠವಾಗಿತ್ತು. ಕಾರು ಬಿಚ್ಚಿದ ಮೇಲೆ ಹೊಸ ತೊಂದರೆ ಏನೂ ಕಾಣಿಸಿಕೊಂಡದ್ದಲ್ಲ. ಬಿಲ್ಲು ಮಾಡುವಾಗ ಸಾಲುಗಳು ಸೇರಿಕೊಂಡವು, ಅಷ್ಟೇ. ಆ ಹನ್ನೊಂದು ಸಾವಿರವನ್ನು ಬಾಬ್ತುವಾರು ಬರೆದು ಕೊಡಿ ಎಂದು ಮೊದಲ ದಿನವೇ ಕೇಳಿದ್ದರೆ ಇಡೀ ಜಗಳವೇ ಇರುತ್ತಿರಲಿಲ್ಲ.

ನಿಮ್ಮ ಲೇಖನದ ಲೆಕ್ಕಕ್ಕೆ ಬಂದರೆ, ದರ ಇಳಿಕೆಯಿಂದ 3,450ರ ಕ್ಲಚ್ ಸೆಟ್ಟಿನ ಮೇಲೆ ನನಗೆ ಉಳಿದದ್ದು 345 ರೂಪಾಯಿ. ಒಂದೇ ಗೇರ್ ಬಾಕ್ಸನ್ನು ಮೂರು ಸಲ ಇಳಿಸಿದ ಬಿಲ್ಲಿನಲ್ಲಿ ಹೋಗಲಿದ್ದದ್ದು 4,578.

ಇದನ್ನು ಬೇರೆ ರಿಪೇರಿಗಳಲ್ಲೂ ನೋಡಬಹುದು. ನನ್ನ ಬಿಲ್ಲಿನ ಕಥೆ ಕೇಳಿ ವಾಕಿಂಗಿನ ಗೆಳತಿಯರು ತಮ್ಮ ತಮ್ಮ ಬಿಲ್ಲು ತಂದರು, ಒಂದು ವಾರ ನಮ್ಮ ಮನೆ ಉಪ ಖಜಾನೆಯಾಗಿತ್ತು. ಒಬ್ಬರದು ಎಸಿ ಕೂಲಿಂಗ್ ಕಾಯಿಲ್. ಡ್ಯಾಶ್‌ಬೋರ್ಡ್ ಬಿಚ್ಚಿದ್ದಕ್ಕೆ ಒಂದು ಸಲ ಕಾಯಿಲಿನ ಬಾಬ್ತಿನಲ್ಲಿ, ಮತ್ತೊಂದು ಸಲ ಬ್ಲೋವರ್ ಮೋಟರಿನ ಬಾಬ್ತಿನಲ್ಲಿ. ಇನ್ನೊಬ್ಬರದು ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್. ಅವರ ಕಾರಿನಲ್ಲಿ ಪಂಪು ಕೂತಿರುವುದೇ ಬೆಲ್ಟಿನ ಹಿಂದೆ. ಪಂಪಿಗೆ ಪೂರ್ತಿ ಕೂಲಿ, ಬೆಲ್ಟಿಗೆ ಪೂರ್ತಿ ಕೂಲಿ. ಮತ್ತೊಬ್ಬರ ಬಿಲ್ಲಿನಲ್ಲಿ ಪೇಯ್ಡ್ ಸರ್ವಿಸ್, ಬ್ರೇಕ್ ಕ್ಲೀನಿಂಗ್, ಬ್ರೇಕ್ ಪ್ಯಾಡ್ ಬದಲಾವಣೆ, ವೀಲ್ ರೊಟೇಶನ್ ಎಂದು ನಾಲ್ಕು ಸಾಲು. ನಾಲ್ಕೂ ಕೆಲಸಕ್ಕೆ ಅದೇ ಚಕ್ರಗಳನ್ನು ಒಂದೇ ಸಲ ಬಿಚ್ಚಿದ್ದು. ವೀಲ್ ಬ್ಯಾಲೆನ್ಸಿಂಗಿನ ತೂಕದ ಚೂರುಗಳಿಗೆ ಗ್ರಾಂ ಲೆಕ್ಕದಲ್ಲಿ ದುಡ್ಡು ಹಾಕುತ್ತಾರೆ ಎಂಬುದೂ ಆಗಲೇ ಗೊತ್ತಾದದ್ದು, ಚಿನ್ನದ ಅಂಗಡಿಯ ಹಾಗೆ.

ಎಲ್ಲ ಹೆಚ್ಚುವರಿಯೂ ಮೋಸವಲ್ಲ ಎಂದೂ ಹೇಳಬೇಕು. ಕರಾವಳಿಯ ಕಾರುಗಳ ಅಡಿಭಾಗದ ಬೋಲ್ಟು ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿರುತ್ತವೆ. ಕಾಯಿಸಿ, ಕತ್ತರಿಸಿ ತೆಗೆಯಬೇಕಾಗುತ್ತದೆ, ಆ ಕೂಲಿ ಕೇಳುವುದು ನ್ಯಾಯ. ಬ್ರೇಕ್ ಡ್ರಮ್ ಲೇತಿಗೆ ಕಳಿಸಿದರೆ ಅಲ್ಲಿಯವನಿಗೂ ಕೊಡಬೇಕು. ಆದರೆ ಆ ಲೇತಿನವನ ರಸೀದಿ ನೋಡಲು ಕೇಳಿ, ಮೇಲೆ ಎಷ್ಟು ಸೇರಿಸಿದ್ದಾರೆ ಎಂದು ತಿಳಿಯುತ್ತದೆ.

ಹಾಗಾದರೆ ಕಂಪನಿ ಸೆಂಟರ್ ಬಿಟ್ಟು ನಮ್ಮೂರಿನ ಗ್ಯಾರೇಜಿಗೆ ಹೋದರಾಯಿತು ಎನ್ನುವವರಿದ್ದಾರೆ. ನಾನೂ ಹಾಗೆಂದುಕೊಂಡೇ ಫೆಬ್ರವರಿಯಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದೆ. ಮುಂದಿನ ಎಡಚಕ್ರದಲ್ಲಿ ಗುಂಯ್ ಎಂಬ ಸದ್ದು. ಮೆಕ್ಯಾನಿಕ್ ಕಾರು ಎತ್ತಿ ಚಕ್ರ ತಿರುಗಿಸಿ, ಸ್ಪ್ರಿಂಗಿನ ಮೇಲೆ ಬೆರಳಿಟ್ಟು ‘ಬೇರಿಂಗ್ ಅಮ್ಮಾ’ ಎಂದರು. ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಬೇರಿಂಗಿನ ಡಬ್ಬದ ರಟ್ಟು ಹರಿದು ಅದರ ಮೇಲೇ ಬಿಲ್ಲು ಬರೆದರು. ಬೇರಿಂಗ್ 1,900, ಕೂಲಿ 300, ಒಟ್ಟು 2,200.

ಅವರ ದುರದೃಷ್ಟಕ್ಕೆ ಆ ರಟ್ಟಿನ ಹಿಂಬದಿಯಲ್ಲೇ ಎಂಆರ್‌ಪಿ ಮುದ್ರಿಸಿತ್ತು. 1,250 ರೂಪಾಯಿ.

ತೋರಿಸಿದೆ. ಅವರು ನಾಚಿಕೊಳ್ಳಲೂ ಇಲ್ಲ, ರೇಗಲೂ ಇಲ್ಲ. ಕೈ ಒರೆಸಿಕೊಳ್ಳುತ್ತಾ ಹೇಳಿದರು: ‘ಅಮ್ಮಾ, ಕೂಲಿ ಒಂಬೈನೂರೈವತ್ತು ಅಂತ ಬರೆದ್ರೆ ಯಾರಾದ್ರೂ ಕೊಡ್ತಾರಾ? ಎರಡು ಗಂಟೆ ಕೆಲಸಕ್ಕೆ ಒಂಬೈನೂರಾ ಅಂತ ಜಗಳಕ್ಕೇ ಬರ್ತಾರೆ. ಸಾಮಾನಿಗೆ ಎಷ್ಟು ಹಾಕಿದ್ರೂ ಒಂದು ಮಾತಾಡಲ್ಲ. ಬೇರಿಂಗ್ ಒತ್ತಿಸೋಕೆ ಪಕ್ಕದ ಪ್ರೆಸ್ಸಿನವನಿಗೆ ನೂರೈವತ್ತು ನಾನೇ ಕೊಟ್ಟಿದೀನಿ. ಮೂವತ್ತು ವರ್ಷದಿಂದ ಕಿವಿಯಲ್ಲಿ ಕೇಳಿ ಕಾಯಿಲೆ ಹೇಳ್ತೀನಿ, ಅದಕ್ಕೆ ಯಾರು ಬಿಲ್ ಕೊಡ್ತಾರೆ?’

ನನಗೆ ಉತ್ತರ ತೋಚಲಿಲ್ಲ. ಹಿಂದಿನ ವರ್ಷ ಇದೇ ಮನುಷ್ಯನ ಹತ್ತಿರ 500 ರೂಪಾಯಿ ಕೂಲಿಗೆ ಚೌಕಾಶಿ ಮಾಡಿ 300 ಕೊಟ್ಟು ಬಂದವಳು ನಾನೇ. ಉಳಿಸಿದೆ ಎಂದುಕೊಂಡ 200 ಯಾವ ಸಾಮಾನಿನ ಡಬ್ಬದೊಳಗೆ ಹೋಗಿತ್ತೋ. ಪ್ಯಾಕೇಟಿನ ಮೇಲಿನ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಕೆಲಸಕ್ಕೆ ಬೆಲೆ ಕೇಳಿದರೆ ಮುಖ ಸಿಂಡರಿಸುವ ನಾವೂ ಅವರನ್ನು ಆ ದಾರಿಗೆ ತಳ್ಳಿದ್ದೇವೆ. ಡಾಕ್ಟರ್ ಎದೆಗೆ ಸ್ಟೆತಾಸ್ಕೋಪ್ ಇಟ್ಟದ್ದಕ್ಕೆ ಸುಮ್ಮನೆ ದುಡ್ಡು ಕೊಡುತ್ತೇವೆ, ಸ್ಪ್ರಿಂಗಿನ ಮೇಲೆ ಬೆರಳಿಟ್ಟವರಿಗೆ ಕೊಡುವುದಿಲ್ಲ. ಅದೇ ರಟ್ಟಿನ ಮೇಲೆ ಬೇರಿಂಗ್ 1,250, ಕೂಲಿ 950 ಎಂದು ಮತ್ತೆ ಬರೆಸಿ, 2,200 ಪೂರ್ತಿ ಕೊಟ್ಟೆ. ಒಂದು ಪೈಸೆ ಉಳಿಸಲಿಲ್ಲ. ಮನೆಯವರು ‘ಮತ್ತೆ ಯಾಕೆ ಅರ್ಧ ಗಂಟೆ ವಾದ ಮಾಡಿದೆ?’ ಎಂದರು. ಲೆಕ್ಕದ ಶೀರ್ಷಿಕೆ ಸರಿಯಿರಬೇಕು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಖಜಾನೆಯವರಿಗೆ ಆಗುತ್ತದೆ.

ಗ್ಯಾರೇಜುಗಳ ಬಗ್ಗೆ ಇನ್ನೊಂದು ಮಾತು. ಕೆಲವರು ರಸೀದಿ ಪುಸ್ತಕದಲ್ಲಿ ‘ಜಿಎಸ್‌ಟಿ 18%’ ಎಂದು ಬರೆದು ದುಡ್ಡು ತೆಗೆದುಕೊಳ್ಳುತ್ತಾರೆ, ಆದರೆ ಜಿಎಸ್‌ಟಿ ನಂಬರೇ ಇರುವುದಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಗ್ಯಾರೇಜಿಗೆ ನೋಂದಣಿ ಕಡ್ಡಾಯವಲ್ಲ, ತಪ್ಪೇನಿಲ್ಲ. ಆದರೆ ನೋಂದಣಿ ಇಲ್ಲದವರು ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ನಂಬರು 15 ಅಕ್ಷರ-ಅಂಕಿಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಬಿಲ್ಲಿನ ತಲೆಯಲ್ಲಿ ಅದಿದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು.

ಬಿಡಿಭಾಗಗಳ ವಿಷಯಕ್ಕೆ ದೇಶದಲ್ಲಿ ಒಂದಿಷ್ಟು ಹೋರಾಟವಾದರೂ ನಡೆದಿದೆ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ ತಮ್ಮ ಸೆಂಟರುಗಳಿಗೇ ಕಟ್ಟಿಹಾಕಿವೆ ಎಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು, ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಇವೆಲ್ಲ ಸಾಮಾನಿನ ಸುತ್ತ, ಮಾಹಿತಿಯ ಸುತ್ತ. ಲೇಬರ್ ದರಪಟ್ಟಿಯನ್ನು ಗ್ರಾಹಕರ ಮುಂದೆ ಇಡಿ ಎಂದು ಕೇಳುವವರು ಕಡಿಮೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಹೊಗೆ ತಪಾಸಣೆಯ ಶುಲ್ಕವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಕ್ಷೌರದ ಅಂಗಡಿಯಲ್ಲಿ, ದರ್ಶಿನಿಯಲ್ಲಿ ಗೋಡೆಯ ಮೇಲೆ ದರವಿದೆ. ಹದಿನೇಳು ಸಾವಿರದ ಬಿಲ್ಲು ಮಾಡುವ ಸರ್ವಿಸ್ ಸೆಂಟರಿನ ಗೋಡೆಯ ಮೇಲೆ ಇರುವುದು ನಗುತ್ತಿರುವ ಕುಟುಂಬವೊಂದರ ಫೋಟೊ. ಅದರ ಪಕ್ಕದಲ್ಲಿ, ಗಂಟೆಯ ದರ ಎಷ್ಟು, ಸಾಮಾನ್ಯವಾಗಿ ಬರುವ ಇಪ್ಪತ್ತು-ಮೂವತ್ತು ಕೆಲಸಗಳಿಗೆ ನಿಗದಿಯಾದ ಹೊತ್ತು ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂದು ಕನ್ನಡದಲ್ಲಿ ಒಂದು ಬೋರ್ಡು ಹಾಕಲಿ. ಜಾಬ್ ಕಾರ್ಡಿನಲ್ಲಿ ಅಂದಾಜು ಬಾಬ್ತುವಾರು ಬರೆಯದೆ ಕಾರು ಒಳಗೆ ತೆಗೆದುಕೊಳ್ಳಬಾರದು. ಅಂದಾಜು ಮೀರಿದರೆ ಫೋನ್ ಮಾತು ಸಾಲದು, ಸಂದೇಶ ಕಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಲಿ. ಸಾರಿಗೆ ಇಲಾಖೆಯೋ ಗ್ರಾಹಕ ವ್ಯವಹಾರಗಳ ಇಲಾಖೆಯೋ ಒಂದು ಸುತ್ತೋಲೆ ಹೊರಡಿಸಲು ಯೋಚಿಸಬಹುದು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಬಳಸಬೇಕು. ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೂ ದೂರು ಹೇಳಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ನಾನು ಇದ್ಯಾವುದಕ್ಕೂ ಹೋಗಬೇಕಾಗಲಿಲ್ಲ. ಒಂದೇ ಪ್ರಶ್ನೆ ಸಾಕಾಯಿತು: ‘ಈ ಕೆಲಸಕ್ಕೆ ಬಿಚ್ಚಿದ್ದನ್ನೇ ಆ ಕೆಲಸಕ್ಕೂ ಬಿಚ್ಚಿದ್ದಾ?’ ಮೆಕ್ಯಾನಿಕ್ ಆಗಿರಬೇಕಿಲ್ಲ, ಇದನ್ನು ಯಾರೂ ಕೇಳಬಹುದು. ಕೇಳುವಾಗ ದನಿ ಏರಿಸಬೇಡಿ, ಕೂತುಕೊಂಡು ಕೇಳಿ. ಕೂತವರನ್ನು ಎಬ್ಬಿಸುವುದು ಕಷ್ಟ.

ಎರಡೂ ಬಿಲ್ಲುಗಳ ನಕಲನ್ನು, ಸೆಂಟರಿನ ಹೆಸರಿನ ಮೇಲೆ ಕಾಗದ ಅಂಟಿಸಿ, ಈ ಪತ್ರದ ಜೊತೆ ಇಟ್ಟಿದ್ದೇನೆ. ಬೇರಿಂಗ್ ಡಬ್ಬದ ರಟ್ಟಿನ ನಕಲೂ ಇದೆ. ಮೂಲ ರಟ್ಟು ನನ್ನ ಕಡತದಲ್ಲಿ ಟ್ಯಾಗ್ ಹಾಕಿಕೊಂಡು ಭದ್ರವಾಗಿದೆ. ಕಾರು ಮುಂದಿನ ತಿಂಗಳು ಸರ್ವಿಸಿಗೆ ಹೋಗಬೇಕು. ಜಾಬ್ ಕಾರ್ಡಿನಿಂದ ನಮ್ಮ ಮನೆಯವರ ಫೋನ್ ನಂಬರ್ ತೆಗೆಸಿ ನನ್ನದು ಹಾಕಿಸಿದ್ದೇನೆ. ಈಗ ಅಡ್ವೈಸರ್ ನನ್ನನ್ನೇ ‘ಸಾರ್’ ಎನ್ನುತ್ತಾನೆ.

ಇಂತಿ,
ನಿವೃತ್ತ ಖಜಾನೆ ನೌಕರಳು
(ಹೆಸರು ಪ್ರಕಟಿಸುವುದು ಬೇಡ)
ವಿನೋಬನಗರ, ಶಿವಮೊಗ್ಗ